ಅಪ್ಪ ಫೋನ್ ಎತ್ತದ ವಾರ

ನಮ್ಮ ಎದುರು ಮನೆಗೆ ಯುಕ್ರೇನಿನಿಂದ ತಾಯಿ, ಮಗಳು ಬಂದಿದ್ದರು. ಹುಡುಗಿ ನನ್ನ ಮಗಳ ಕ್ಲಾಸಿನವಳೇ. ಇಲ್ಲಿ ಅಮೆರಿಕದ ಬೆಲ್‌ವ್ಯೂನ ಹೈಸ್ಕೂಲಿಗೆ ಇಬ್ಬರನ್ನೂ ನಾನೇ ಬಿಡುತ್ತಿದ್ದೆ. ಕಾರು ಹತ್ತಿದೊಡನೆ ಆ ಹುಡುಗಿ ಯುಕ್ರೇನಿನಲ್ಲೇ ಉಳಿದಿದ್ದ ಅಪ್ಪನಿಗೆ ಫೋನ್ ಮಾಡುತ್ತಿದ್ದಳು. ಒಂದು ವಾರ ಅವರು ಎತ್ತಲೇ ಇಲ್ಲ. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ತಾಯಿ ನನ್ನ ಹತ್ತಿರ ಹೇಳಿಕೊಂಡರು.

ಆಮೇಲೊಂದು ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಅವಳ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು. ಮಾತಾಡುತ್ತಲೇ ಅವಳು ಅಳತೊಡಗಿದಳು. ಗಾಬರಿಯಾಗಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ.

"ಆಂಟಿ, ಬಾಂಬ್ ಬಿದ್ದು ನಮ್ಮನೆ ಪೂರ್ತಿ ಹೋಯ್ತಂತೆ. ಅಪ್ಪನ ಫೋನೂ ಒಳಗಿತ್ತು. ಅಪ್ಪ ಹೊರಗಿದ್ರು, ಅವ್ರಿಗೇನೂ ಆಗಿಲ್ಲ. ಈಗ ಬೇರೆಯವ್ರ ಫೋನಿಂದ ಮಾತಾಡಿದ್ರು."

ನನ್ನ ಎದೆಯೂ ಹಗುರಾಯಿತು. "ವಾಪಸ್ ಮನೆಗೆ ಹೋಗೋಣ್ವಾ?" ಎಂದೆ.

"ಬೇಡ, ಮ್ಯಾಥ್ಸ್ ಟೆಸ್ಟ್ ಇದೆ. ತಿನ್ನೋಕೆ ಏನಾದ್ರೂ ಇದ್ಯಾ?"

ನನ್ನ ಮಗಳು ತನ್ನ ಡಬ್ಬಿ ಕೊಟ್ಟಳು. ಅವಳು ಚಿತ್ರಾನ್ನವನ್ನೆಲ್ಲ ತಿಂದು ಮುಗಿಸುವವರೆಗೂ ನಾನು ಕಾರು ಸ್ಟಾರ್ಟ್ ಮಾಡಲಿಲ್ಲ.