ಏರಿನಲ್ಲಿ ಕೇಳಬೇಕಾದ ಸಪ್ಪಳ

ಬೈಲಹೊಂಗಲದಲ್ಲಿ ಮೂವತ್ತು ವರ್ಷ ಕಾರು ರಿಪೇರಿ ಮಾಡಿದ ನನಗೆ ಒಂದು ಜಂಬವಿತ್ತು. ಎಂಜಿನ್ನಿನ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಗಳಿಗೆ, ಕೂಡಿಸಲು ಬೇರೆಯವರಿಗೆ ಲೈಟು, ಮೀಟರು ಬೇಕು. ನನಗೆ ಕಿವಿ ಸಾಕು. ಕಾರನ್ನು ಏರುದಾರಿಗೆ ಒಯ್ದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಿರುಗಿಸುತ್ತ ಹೋಗುವುದು. ಕಿಡಿ ಬೇಗ ಹೊತ್ತಿದಷ್ಟೂ ಎಳೆತ ಹೆಚ್ಚು. ಅತಿಯಾದರೆ ಒಳಗೆ ಟಿಕ್ ಟಿಕ್ ಎಂದು ಸಣ್ಣ ಸಪ್ಪಳ ಏಳುತ್ತದೆ. ಕೇಳಿದ ಕೂಡಲೇ ಕೂದಲೆಳೆಯಷ್ಟು ಹಿಂದೆ ಸರಿಸಬೇಕು. ಬಿಟ್ಟರೆ ಪಿಸ್ಟನ್ನಿಗೆ ತೂತು.

ಕಳೆದ ವರ್ಷ ನನ್ನದೇ ಹಳೆಯ ಕಾರಿಗೆ ಕೈ ಹಾಕಿದೆ. ಟರ್ಬೋ ಇಲ್ಲದ ಬಡಪಾಯಿ ಎಂಜಿನ್ನು. ಎಳೆತ ಹೆಚ್ಚಲೆಂದು ಎಂಜಿನ್ನಿನ ಹೆಡ್ಡಿನ ತಳ ಸವೆಸಿ, ಗಾಳಿಯ ದಾರಿ ಉಜ್ಜಿ ನುಣುಪು ಮಾಡಿ, ಕಾರ್ಬುರೇಟರಿಗೆ ಪೆಟ್ರೋಲು ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿದೆ. ಆಮೇಲೆ ಟೈಮಿಂಗ್. ಮುಂದೆ ತಿರುಗಿಸಿದೆ, ಸಪ್ಪಳವಿಲ್ಲ. ಇನ್ನಷ್ಟು ತಿರುಗಿಸಿದೆ, ಆಗಲೂ ಇಲ್ಲ. ಯಾವ ಎಂಜಿನ್ನೂ ಇಷ್ಟು ತಡೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ನನ್ನ ಕೈಗುಣವೆಂದು ಬೀಗಿದೆ.

ಹೆಂಡತಿಯನ್ನು ಕೂರಿಸಿಕೊಂಡು ಸವದತ್ತಿಗೆ ಹೊರಟೆ. ನಡುಮಧ್ಯಾಹ್ನ, ಯಲ್ಲಮ್ಮನ ಗುಡ್ಡದ ಏರಿನಲ್ಲಿ ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ. ಅವಳು ತಟ್ಟನೆ ನನ್ನ ತೋಳು ಹಿಡಿದಳು.

"ಅಲ್ರಿ, ಯಾರೋ ಬಡ್ಯಾಕ ಹತ್ತ್ಯಾರ ನೋಡ್ರಿ. ಗಾಡಿ ಒಳಗಿಂದ."

"ನಿಮ್ಮವ್ವ ಡಿಕ್ಕಿಯೊಳಗ ಕುಂತಾಳೇನ?"

ಅವಳು ನಗಲಿಲ್ಲ. ನಿಲ್ಲಿಸಿದೆ. ಇಳಿದು ಡಿಕ್ಕಿ ತೆಗೆಸಿ ನೋಡಿದಳು, ಬಗ್ಗಿ ಕೆಳಗೂ ನೋಡಿದಳು. ಯಾರೂ ಇಲ್ಲ, ಈಗ ಸಪ್ಪಳವೂ ಇಲ್ಲವೆಂದಳು. ಹೊರಟ ಕೂಡಲೇ "ಮತ್ತ ಶುರು ಆತ್ರಿ" ಎಂದು ಗುಡ್ಡದ ಕಡೆ ಕೈ ಮುಗಿದಳು. ನನಗೆ ಕೇಳುತ್ತಿದ್ದದ್ದು ಗಾಳಿ ಮತ್ತು ಎಂಜಿನ್ನಿನ ಗುಂಯ್ ಅಷ್ಟೇ.

"ಹೆಂಗ ಬಡ್ಯಾಕ ಹತ್ತ್ಯಾರ, ತೋರಸು."

ಕಣ್ಣು ಮುಚ್ಚಿಕೊಂಡು, ಕೇಳಿದಂತೆಯೇ ಡ್ಯಾಶ್‌ಬೋರ್ಡಿನ ಮೇಲೆ ಉಗುರಿನಿಂದ ಬಡಿಯತೊಡಗಿದಳು. ನಾನು ಎಕ್ಸಲರೇಟರ್ ಒತ್ತಿದರೆ ಅವಳ ಬೆರಳು ಓಡಿತು. ಕಾಲು ತೆಗೆದರೆ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಓಡಿತು. ಟಿಕ್ ಟಿಕ್ ಮೊದಲಿನಿಂದಲೂ ಇತ್ತು. ನನಗೆ ಮಾತ್ರ ಕೇಳುತ್ತಿರಲಿಲ್ಲ.

ಇದು ಊರಿಗೆ ಗೊತ್ತಾದರೆ ನನ್ನ ಗ್ಯಾರೇಜಿಗೆ ಯಾರು ಕಾರು ತರುತ್ತಾರೆ? ಅವಳಿಗೂ ಹೇಳಲಾರದಷ್ಟು ಹೆದರಿದೆ.

"ಎಂಜಿನ್ನಿನ ಸಪ್ಪಳ ಅದು, ನನಗೂ ಕೇಳೇತಿ" ಎಂದು ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ಹಿಂದೆ ಸರಿಸಿದೆ. ಮತ್ತೆ ಏರು ಹತ್ತಿದೆವು. ಅವಳ ಬೆರಳು ಮತ್ತೆ ಡ್ಯಾಶ್‌ಬೋರ್ಡ್ ಬಡಿಯಿತು. ಇಳಿದು ಇನ್ನಷ್ಟು ಸರಿಸಿದೆ. ಆಗಲೂ ಬಡಿಯಿತು.

"ಇನ್ನೂ ಸಣ್ಣಗ ಕೇಳಾಕ ಹತ್ತೈತಿ. ಇನ್ನೊಂದು ಚೂರು ಹಿಂದ ಹಾಕತೇನಿ" ಎಂದೆ.

ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಸಪ್ಪಳ ಆಗ್ಲೇ ನಿಂತೈತ್ರಿ" ಎಂದಳು. "ನಾ ಸುಮ್ನ ಬಡದೆ."