ಬಿಬ್ಲೋಸಿನ ಮೂವತ್ತಾರು ಫೋಟೊ

ಅಬುಧಾಬಿಯ ಖಾಲಿದಿಯಾದ ಫೋಟೊ ಸ್ಟುಡಿಯೋ ಒಂದರಲ್ಲಿ ಸರ್ವೋತ್ತಮ ಹನ್ನೊಂದು ವರ್ಷ ಕಂಡವರ ಫಿಲ್ಮ್ ರೋಲು ತೊಳೆದ. ಕಟಪಾಡಿಯವನು. ಅಬುಧಾಬಿ ಬಿಟ್ಟರೆ ಅಲ್ ಐನ್, ಅದು ಬಿಟ್ಟರೆ ಎರಡು ವರ್ಷಕ್ಕೊಮ್ಮೆ ಊರು, ಅಷ್ಟೇ ಅವನ ತಿರುಗಾಟ. ಆದರೆ ಲೆಬನಾನಿನ ಬಿಬ್ಲೋಸ್ ಬಗ್ಗೆ ಅವನನ್ನು ಕೇಳಬೇಕಿತ್ತು ನೀವು! ಆ ಪುಟ್ಟ ಹಳೇ ಬಂದರಿನ ಒಂದೊಂದು ಕಲ್ಲೂ ಬಾಯಿಪಾಠ.

ಕಲಿಸಿದವರು ಸ್ಟುಡಿಯೋದ ಗಿರಾಕಿ ಆಮಿನ ಟೀಚರ್, ಆ ಊರಿನವರೇ. ಪ್ರತಿ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದು ನಾಲ್ಕೈದು ರೋಲು ಕೌಂಟರಿನ ಮೇಲೆ ಸುರಿಯುವರು. ಪ್ರಿಂಟು ಬಂದಾಗ ಬೆರಳಿಟ್ಟು ತೋರಿಸುವರು. ಇದು ಕ್ರುಸೇಡಿನವರ ಕೋಟೆ, ರೋಮನ್ನರ ಕಂಬಗಳನ್ನೇ ಅಡ್ಡ ಮಲಗಿಸಿ ಗೋಡೆಗೆ ಸೇರಿಸಿದ್ದಾರೆ. ಇದು ಕಲ್ಲುಗಂಬಗಳ ಗುಡಿ, ಹತ್ತಿರ ಹತ್ತಿರ ನಾಲ್ಕು ಸಾವಿರ ವರ್ಷದ್ದು. ಇದು ಅರಸರ ಬಾವಿ, ಒಂದು ಕಾಲಕ್ಕೆ ಊರಿಗೆಲ್ಲ ನೀರು ಕೊಟ್ಟದ್ದು. ಈ ಬಂದರಿನಿಂದಲೇ ದೇವದಾರು ಮರ ಹಡಗೇರಿ ಈಜಿಪ್ಟಿನ ಅರಸರಿಗೆ ಹೋಗುತ್ತಿತ್ತು. ಸರ್ವೋತ್ತಮ ಅದನ್ನೆಲ್ಲ ರೂಮಿಗೆ ತಂದು ಉಪ್ಪುಖಾರ ಹಚ್ಚಿ ಹೇಳುವನು. ರೂಮಿನ ಜೊತೆಗಾರ ಜಯಪಾಲ, ಆಮಿನ ಟೀಚರ ಮನೆಯ ಡ್ರೈವರ್, ಅಕ್ಕಿ ತೊಳೆಯುತ್ತ ಹೂಂಗುಟ್ಟುವನು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಟೀಚರ್ ತಮ್ಮ ಮುದಿ ತಾಯಿಯ ವೀಲ್‌ಚೇರ್ ತಳ್ಳಲು ಜನ ಬೇಕೆಂದು ಬಿಬ್ಲೋಸಿಗೆ ಕರೆದುಕೊಂಡು ಹೋದದ್ದು ಯಾರನ್ನು? ಈ ಜಯಪಾಲನನ್ನು!

ಸರ್ವೋತ್ತಮನ ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾಯಿತು. ಕೋಟೆಗೂ ಗೋಡೌನಿಗೂ ವ್ಯತ್ಯಾಸ ಗೊತ್ತಿಲ್ಲದ ಗುಗ್ಗು! ಪುಕ್ಕಟೆ ಟಿಕೆಟ್, ಪುಕ್ಕಟೆ ವೀಸಾ! ತಾನು ಹನ್ನೊಂದು ವರ್ಷ ಕತ್ತಲೆಕೋಣೆಯಲ್ಲಿ ಕೆಮಿಕಲ್ ಕುಡಿದದ್ದು ಯಾವ ಸುಖಕ್ಕೆ? ಆ ಒಂದು ತಿಂಗಳು ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಜಯಪಾಲ ಕಪ್ಪಗಾಗಿ ಬಂದ.

“ಹೇಗೆ ಉಂಟು ಬಿಬ್ಲೋಸ್?”

“ಬರೀ ಕಲ್ಲು ಮಾರಾಯ. ಮೀನು ಲಾಯ್ಕಿತ್ತು.”

“ಅರಸರ ಬಾವಿ ನೋಡಿದೆಯಾ?”

“ಎಂಥದೋ ಒಂದು ಗುಂಡಿ ಇತ್ತಪ್ಪ.” ಹಲ್ಲು ಕಿಸಿಯುತ್ತ ಒಂದು ರೋಲು ಕೈಗಿಟ್ಟ. “ತೊಳೆದು ನೋಡು. ಆಮೇಲೆ ಮಾತಾಡುವ.”

ಗುಂಡಿಯಂತೆ, ಗುಂಡಿ! ಆ ನಗುವೇ ಸರ್ವೋತ್ತಮನ ತಲೆ ಕೆಡಿಸಿತು. ಮೆರೆಯುತ್ತಿದ್ದಾನೆ, ತನ್ನ ಕೈಯಿಂದಲೇ ತೊಳೆಸಿ ಉರಿಸಬೇಕು ಅಂತ ಇದ್ದಾನೆ ಎಂದುಕೊಂಡ. ಮರುದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಟ್ಯೂಬ್‌ಲೈಟಿನ ಕೆಳಗೆ ನಿಂತು ರೋಲಿನ ಬಾಲ ಹಿಡಿದು ಸರ್ರನೆ ಪೂರ್ತಿ ಎಳೆದುಬಿಟ್ಟ. ಬೆಳಕು ಬಿದ್ದ ಫಿಲ್ಮಿನಲ್ಲಿ ಇನ್ನು ಒಂದು ಚಿತ್ರವೂ ಉಳಿಯದು. ಅಬ್ಬ, ಎಷ್ಟು ಹಿತವಾಯಿತೆಂದರೆ, ಎದುರಿನ ಹೋಟೆಲಿಗೆ ಹೋಗಿ ಎರಡು ಚಹಾ ಕುಡಿದ.

ಸಂಜೆ ಜಯಪಾಲ ಸಾರಿಗೆ ಒಗ್ಗರಣೆ ಹಾಕುತ್ತಿದ್ದ.

“ಏರ್‌ಪೋರ್ಟಿನ ಎಕ್ಸ್‌ರೇಗೆ ಹೋಯ್ತು ನಿನ್ನ ರೋಲು,” ಸರ್ವೋತ್ತಮ ಹೇಳಿದ. “ಖಲಾಸ್.”

ಜಯಪಾಲ ಸೌಟು ಕೆಳಗಿಟ್ಟ. “ಛೇ! ನಿನ್ನ ಗ್ರಹಚಾರ ಮಾರಾಯ. ಮನೆಯವಳಿಗೆ ಕಳಿಸಲಿಕ್ಕೆ ಅಂತ ನನ್ನದು ಒಂದೇ ತೆಗೆಸಿದ್ದೆ. ಉಳಿದ ಮೂವತ್ತೈದೂ ನಿನಗೆ. ನೀನು ಹೇಳುತ್ತಿದ್ದ ಗುಡಿ, ಕೋಟೆ, ಬಂದರು, ಒಂದನ್ನೂ ಬಿಡಲಿಲ್ಲ. ‘ಯಾರಿಗೆ ಇಷ್ಟೆಲ್ಲ?’ ಅಂತ ಟೀಚರ್ ನಗುತ್ತಿದ್ದರು.”

ಸರ್ವೋತ್ತಮ ಮಂಚದ ಮೇಲೆ ಕೂತ. ಸುಮ್ಮನಿರಬಹುದಿತ್ತು. ಆಗಲಿಲ್ಲ.

“ಎಕ್ಸ್‌ರೇ ಅಲ್ಲ. ನಾನೇ ಬೆಳಕಿಗೆ ಹಿಡಿದದ್ದು.”

“ಎಂತಕೆ?”

“ಹೊಟ್ಟೆಕಿಚ್ಚು,” ಅಂದ ಸರ್ವೋತ್ತಮ.

ಬೈದಿದ್ದರೂ, ಎರಡು ಏಟು ಬಿಟ್ಟಿದ್ದರೂ ಸರ್ವೋತ್ತಮ ತಡೆದುಕೊಳ್ಳುತ್ತಿದ್ದ. ಜಯಪಾಲ ಒಲೆ ಆರಿಸಿ, ಅವನ ಮುಖ ನೋಡದೆ ಕೇಳಿದ:

“ಮನೆಯವಳು ಕಾಯ್ತಾ ಇದ್ದಾಳೆ. ಅವಳಿಗೆ ಏನು ಹೇಳಲಿ?”