ಪೇಡೆ ಒಯ್ದ ಕಾಕಾ

ಕಾಕಾರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಚಹಾದ ಕಲೆ ಹತ್ತಿದ ಬಟ್ಟೆಯ ಬಣ್ಣದವು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದಿನವಿಡೀ ಎಲೆ ತಿಕ್ಕಿ, ಮೂಸಿ, ಇದು ಮೇಲು, ಇದು ಕೀಳು ಎಂದು ಬೇರೆ ಮಾಡುವುದು ಅವರ ಕೆಲಸ. ಯಾವ ಸಾಬೂನಿಗೂ ಆ ಬಣ್ಣ ಹೋಗುತ್ತಿರಲಿಲ್ಲ, ವಾಸನೆಯೂ ಬಿಡುತ್ತಿರಲಿಲ್ಲ. ಹಾಗಾಗಿ ಮಿಠಾಯಿ ಅಂಗಡಿಗೆ ಹೋದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅಂಗಡಿಯವನು ಕಾಗದದ ಚೂರಿನ ಮೇಲೆ ಒಂದು ತುಣುಕು ಇಟ್ಟು ಅವರ ಮೂಗಿನ ಹತ್ತಿರ ಹಿಡಿಯಬೇಕು, ಇವರು ಕಣ್ಣು ಮುಚ್ಚಿ ಮೂಸಬೇಕು. “ಇದು ನಿನ್ನಿದೈತಿ. ಇವತ್ತಿಂದು ತಗಿ,” ಎನ್ನುವರು. ಅವನು ಗೊಣಗುತ್ತಲೇ ಒಳಗೆ ಹೋಗುತ್ತಿದ್ದ.

ನಾನು ಅಥಣಿಯವಳು. ಎಂಬತ್ತನೆಯ ಇಸವಿಯ ಆಚೀಚೆ ನಿಪ್ಪಾಣಿಯ ಶಾಲೆಗೆ ಮಾಸ್ತರಿಕೆ ಮಾಡಲು ಬಂದಾಗ ಕಾಕಾರ ಮನೆಯ ಮುಂದಿನ ಖೋಲಿ ಬಾಡಿಗೆಗೆ ಸಿಕ್ಕಿತು. ಓಣಿಗೆಲ್ಲ ಅವರು ಕಾಕಾ, ನನಗೂ ಕಾಕಾ. ಯಾರು ಯಾರ ಮನೆಗೆ ಹೊರಟರೂ ಏನು ಒಯ್ಯಬೇಕೆಂದು ಮೊದಲು ಇವರನ್ನು ಕೇಳಬೇಕು. ಕೇಳದಿದ್ದರೆ ಇವರೇ ಅಡ್ಡ ಬಂದು ಹೇಳುವರು. ಮೊದಲ ಸಲ ಊರಿಗೆ ಹೊರಟಾಗ ನಾನು ಕರದಂಟು ಕಟ್ಟಿಸಿಕೊಂಡಿದ್ದೆ. “ನಿಮ್ಮಪ್ಪಾರಿಗೆ ಹಲ್ಲ ಅದಾವೇನ್ರಿ ಅಕ್ಕೋರ?” ಎಂದರು. ಇಲ್ಲ ಎಂದೆ. “ಮತ್ತ ಅವರು ಇದನ್ನ ನೋಡ್ಕೊಂತ ಕುಂಡ್ರಬೇಕೇನು?” ಎಂದು ಅದನ್ನು ವಾಪಸು ಕೊಡಿಸಿ ಬಾಯಲ್ಲಿ ಕರಗುವ ಕುಂದಾ ಕೊಡಿಸಿದರು. ಜಗಳವಾದ ಮನೆಗೆ ಅಂಟಿನ ಉಂಡಿಯನ್ನೇ ಒಯ್ಯಬೇಕು, ಬಾಯಿ ಬಿಡಿಸಿಕೊಳ್ಳುವುದರೊಳಗೆ ಸಿಟ್ಟು ಇಳಿದಿರುತ್ತದೆ ಎನ್ನುವುದು ಅವರ ಶಾಸ್ತ್ರ. ನಗುತ್ತಿದ್ದೆವು, ಆದರೆ ಕೇಳುತ್ತಿದ್ದೆವು.

ಒಂದು ಮಿಠಾಯಿ ಮಾತ್ರ ಯಾರ ಆಯ್ಕೆಗೂ ಬಿಟ್ಟದ್ದಲ್ಲ. ನಮ್ಮ ಕಡೆ ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಜಿಲೇಬಿ. ಮನೆಮನೆಗೆ ಫೋನಿಲ್ಲದ ಕಾಲ. ತವರಿನವರು ಬೀಗರ ಬಾಗಿಲಲ್ಲಿ ನಿಂತಾಗ ಅವರ ಕೈಯ ಪೊಟ್ಟಣವೇ ಸುದ್ದಿ, ಬಾಯಿ ತೆರೆಯುವ ಕೆಲಸವೇ ಇಲ್ಲ.

ಕಾಕಾರ ಒಬ್ಬಳೇ ಮಗಳನ್ನು ಹಾರೂಗೇರಿಗೆ ಕೊಟ್ಟಿತ್ತು. ಎರಡು ಸಲ ಹೆಣ್ಣಾಯಿತು, ಎರಡು ಸಲವೂ ಕಾಕಾ ಜಿಲೇಬಿ ಒಯ್ದರು. ಎರಡನೆಯ ಸಲ ಬೀಗಿತ್ತಿ ಅದನ್ನು ಕೈಯಲ್ಲೂ ಹಿಡಿಯದೆ ದನದ ಕೊಟ್ಟಿಗೆಯ ಕಟ್ಟೆ ತೋರಿಸಿದಳಂತೆ. ಇವರು ಹೊರಡುವ ಹೊತ್ತಿಗೆ ಪೊಟ್ಟಣಕ್ಕೆ ಇರುವೆ ಮುತ್ತಿದ್ದವು. ಮೂರನೆಯ ಬಸಿರಿನಲ್ಲಿ ಮಗಳನ್ನು ತವರಿಗೆ ಕಳಿಸುವಾಗ ಅತ್ತೆ ಇಬ್ಬರೂ ಹುಡುಗಿಯರನ್ನು ತನ್ನ ಹತ್ತಿರ ಇಟ್ಟುಕೊಂಡಳು. “ಗಂಡಾದ್ರ ಬಾ. ಹೆಣ್ಣಾದ್ರ ನಿಮ್ಮಪ್ಪನ ಮನ್ಯಾಗ ಇರು,” ಎಂದಳಂತೆ. ದೊಡ್ಡವಳು ಆಗಷ್ಟೇ ಮಾತು ಕಲಿತು ಅರಳು ಹುರಿದಂತೆ ಮಾತಾಡುತ್ತಿದ್ದಳು, ಚಿಕ್ಕವಳು ಇನ್ನೂ ತೊಡೆ ಬಿಡದ ಕೂಸು. ಮಗಳು ಹೆರಿಗೆಗೆ ಹೆದರಿ ಅತ್ತದ್ದನ್ನು ನಾನು ಕಾಣೆ, ಆ ಇಬ್ಬರನ್ನು ನೆನೆದು ಅತ್ತದ್ದನ್ನು ದಿನಾ ಕಂಡೆ.

ಮೂರನೆಯದೂ ಹೆಣ್ಣಾಯಿತು. ಕಾಕಾ ಕೂಸಿನ ಮುಖ ನೋಡಿ, “ಮೂಗು ನಂದ ನೋಡ್ರಿ ಅಕ್ಕೋರ, ಇಕಿನೂ ವಖಾರಿಗೆ ಬರ್ತಾಳ,” ಎಂದು ನಕ್ಕರು. ಮರುದಿನ ಬೆಳಿಗ್ಗೆ ಮಿಠಾಯಿ ಅಂಗಡಿಗೆ ಹೊರಟವರ ಜೊತೆ ನಾನೂ ಹೋದೆ.

“ಪೇಡೆ ಕಟ್ಟು,” ಎಂದರು.

“ಗಂಡೇನ್ರಿ ಕಾಕಾ?”

“ಹೆಣ್ಣು.”

ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ನಿಂತ. ಕಾಕಾ ನನ್ನ ಕಡೆ ತಿರುಗಿದರು. “ಎರಡ ಸಲ ಜಿಲೇಬಿ ಒಯ್ದು, ಕಳವು ಮಾಡಿದವರಂಗ ನಿಂತು ಬಂದೇನ್ರಿ. ಈ ಸಲ ಪೇಡೆ ಕೊಟ್ಟು, ಹೆಣ್ಣು ಹುಟ್ಟ್ಯಾಳ, ಬಾಯಿ ಸಿಹಿ ಮಾಡ್ಕೋರಿ ಅಂತ ಎದುರಿಗೆ ನಿಂತು ಹೇಳತೇನಿ. ಅದೇನು ನನ್ನ ಮೊಮ್ಮಗಳಿಗೆ ಪೇಡೆ ತುಟ್ಟಿನ?” ಆ ಮಾತಿಗೆ ನನ್ನ ಕಣ್ಣು ತುಂಬಿತು. ಅಂಥ ಮಾತು ಆಡುವ ಗಂಡಸನ್ನು ನಾನು ಆವರೆಗೆ ಕಂಡಿರಲಿಲ್ಲ, ಆಮೇಲೂ ಹೆಚ್ಚು ಕಂಡಿಲ್ಲ.

ಸಂಜೆ ಅವರು ಬಸ್ಸಿಳಿದು ಬಂದಾಗ ತಲೆಯ ಮೇಲೆ ಹೊಸ ಟೊಪ್ಪಿಗೆ, ಹೆಗಲ ಮೇಲೆ ಹೊಸ ಟಾವೆಲ್. ಬೀಗರು ಆಹೇರಿನ ಉಡುಗೊರೆ ಕೊಟ್ಟು ಮರ್ಯಾದೆಯಿಂದ ಕಳಿಸಿದ್ದಾರೆಂದು ಓಣಿಗೆ ಓಣಿಯೇ ಬೆರಗಾಯಿತು. ಬಾಣಂತಿ ಕೋಣೆಯಿಂದಲೇ ಕೇಳಿದಳು: “ಹುಡುಗ್ಯಾರು ಹೆಂಗ ಅದಾರಪಾ?”

“ಚೊಲೋ ಅದಾರ. ತೊಟ್ಟಿಲ ದಿನ ಎಲ್ಲಾರೂ ಬರ್ತಾರ,” ಎಂದರು ಕಾಕಾ. ಅವಳು ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಕಾಕಾ ಉಣ್ಣಲಿಲ್ಲ. ದಣಿದಿದ್ದಾರೆ ಎಂದುಕೊಂಡೆವು.

ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಆದರೆ ಇಲ್ಲಿಯೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಯಾರಿಗೆ ಏನು ಲಾಭ? ಬಾಗಿಲಲ್ಲಿ ಪೇಡೆಯ ಡಬ್ಬಿ ಕಂಡದ್ದೇ ತಡ, ಬೀಗಿತ್ತಿ ಕೂಗಿಕೊಂಡು ಹೊರಗೆ ಬಂದಳಂತೆ. ಕಾಯಿ ಒಡೆಸಿದಳು. ಆಚೀಚೆ ಮನೆಯವರನ್ನು ಕರೆದಳು. ಮುದುಕಿಯಾದರೂ ಬಗ್ಗಿ ಇವರ ಕಾಲು ಮುಟ್ಟಿದಳು. ಅಳಿಯ ತಾನೇ ಕೈಯಾರೆ ಟೊಪ್ಪಿಗೆ ಇಟ್ಟ. ದೊಡ್ಡ ಮೊಮ್ಮಗಳು, “ನಮ್ಮವ್ವ ಯಾವಾಗ ಬರ್ತಾಳ, ಮುತ್ಯಾ?” ಎಂದು ಧೋತರ ಹಿಡಿದು ಜಗ್ಗಿದಳು. “ಬರ್ತಾಳ, ತಮ್ಮನ್ನ ಎತ್ತಿಕೊಂಡು ಬರ್ತಾಳ,” ಎಂದು ಅಜ್ಜಿ ಅವಳನ್ನು ಮುದ್ದಿಟ್ಟಳು. ಆ ಮುದುಕಿ ಆ ಹುಡುಗಿಯನ್ನು ಮುದ್ದಿಟ್ಟದ್ದನ್ನು ಕಾಕಾ ಕಂಡದ್ದು ಅದೇ ಮೊದಲು.

“ಮಾತು ಗಂಟಲದಾಗ ಇತ್ರಿ ಅಕ್ಕೋರ. ಚಹಾ ಕುಡದು ಹೇಳೋಣು ಅಂದೆ. ಊಟ ಆಗಲಿ ಅಂದೆ. ಬಸ್ಸು ಬಂತು.”

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಎದ್ದವರೇ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದರು. ಹಾರೂಗೇರಿಯ ಕಡೆ ಹೋಗುವ, ಚಿಕ್ಕೋಡಿ, ರಾಯಬಾಗ ಎಂದು ಕೂಗುವ ಬಸ್ಸುಗಳನ್ನು ಹತ್ತದೆ ಕಳಿಸಿಕೊಟ್ಟು ವಾಪಸು ಬರುತ್ತಿದ್ದರು. ವಖಾರಿಯಲ್ಲಿ ಕೀಳು ಎಲೆಯನ್ನು ಮೇಲಿನದರಲ್ಲಿ ಹಾಕಿ ಬೈಸಿಕೊಂಡರಂತೆ. ತೊಟ್ಟಿಲ ದಿನ ಹತ್ತಿರ ಬಂದಷ್ಟೂ ಮಗಳ ಮುಖ ಅರಳುತ್ತಿತ್ತು. ಹುಡುಗಿಯರಿಗೆಂದು ಹಳೆಯ ಪತ್ತಲ ಹರಿದು ಎರಡು ಫ್ರಾಕು ಹೊಲಿದಿದ್ದಳು.

ಬೀಗರು ಟೆಂಪೋ ಮಾಡಿಕೊಂಡು ಬಂದರು. ಹುಡುಗಿಯರನ್ನು ಕರೆತಂದಿರಲಿಲ್ಲ. ಬೀಗಿತ್ತಿಯ ಕೈಯಲ್ಲಿ ಗಂಡುಕೂಸಿನ ಬೆಳ್ಳಿಯ ಉಡದಾರ. ಕಟ್ಟಲೆಂದು ತೊಟ್ಟಿಲಿಗೆ ಬಗ್ಗಿ ಬಟ್ಟೆ ಸರಿಸಿದವಳು ಹಾಗೆಯೇ ನಿಂತಳು. ಸೋಬಾನೆ ಹಾಡುತ್ತಿದ್ದವರು ನಿಲ್ಲಿಸಿದರು.

“ಬೀಗರ, ನೀವು ಪೇಡೆ ತಂದಿದ್ರಿ,” ಎಂದಳು.

“ಹೌದ್ರಿ, ತಂದಿದ್ದೆ.”

“ಊರ ತುಂಬ ಹಂಚೇನಿ. ನನ್ನ ಮಾರಿ ಎಲ್ಲಿ ಇಟ್ಟಕೊಳ್ಳಲಿ ಈಗ?”

ಅಂಗಡಿಯಲ್ಲಿ ಆಡಿದ ಮಾತನ್ನು ಕಾಕಾ ಈಗಲಾದರೂ ಆಡಲಿ ಎಂದು ನಾನು ಕಾದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಮಗಳು ಗಂಡನನ್ನು ನೋಡಲಿಲ್ಲ, ಅತ್ತೆಯನ್ನು ನೋಡಲಿಲ್ಲ, ತಂದೆಯನ್ನೇ ನೋಡಿದಳು. ಬೀಗರು ಒಂದು ತುತ್ತೂ ಮುಟ್ಟದೆ ಎದ್ದರು. ಸುಳ್ಳರ ಮನೆಯ ಹೆಣ್ಣು ಬೇಡವೆಂದು ಅಳಿಯ ಹೊಸ್ತಿಲಲ್ಲಿ ನಿಂತು ಹೇಳಿಹೋದ.

ಜಿಲೇಬಿ ಒಯ್ದಿದ್ದರೆ ಬೈದಾದರೂ ಕರೆದುಕೊಂಡು ಹೋಗುತ್ತಿದ್ದರು ಎಂದು ಕಾಕಾರ ಹೆಂಡತಿ ಕಾಕು ಸಾಯುವವರೆಗೂ ಹೇಳಿದಳು. ಇರಬಹುದು, ಇಲ್ಲದಿರಲೂಬಹುದು. ಗೊತ್ತಾಗುವ ದಾರಿಯೇ ಉಳಿಯಲಿಲ್ಲ. ಮಗಳು ಹಾರೂಗೇರಿಗೆ ಹೋಗಿ ಮುಚ್ಚಿದ ಬಾಗಿಲ ಮುಂದೆ ಸಂಜೆಯವರೆಗೆ ಕುಳಿತು ಬಂದಳು. ಇನ್ನೊಮ್ಮೆ ಹೋದಾಗ ಹುಡುಗಿಯರನ್ನು ಯಾವುದೋ ನೆಂಟರ ಊರಿಗೆ ಸಾಗಿಸಿದ್ದರು. ಹಾರೂಗೇರಿಯ ಹಿರಿಯರನ್ನು ಸೇರಿಸಿದ್ದಾಯಿತು. ಆ ಹಿರಿಯರೂ ಪೇಡೆ ತಿಂದವರೇ. “ಮೋಸ ನಿಮ್ಮ ಕಡೆಯಿಂದ ಆಗೇತಿ,” ಎಂದು ಎದ್ದುಹೋದರು. ಮಗಳು ಬೀಡಿ ಕಟ್ಟಿ ಕೂಸನ್ನು ಬೆಳೆಸಿದಳು. ತಂದೆಗೆ ಒಂದು ಬಿರುಸು ಮಾತು ಆಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟದ ತಾಟು ಇಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು.

“ಬೈದ್ರ ಚೊಲೋ ಇತ್ರಿ,” ಎಂದರು ಕಾಕಾ ಒಮ್ಮೆ. “ಇಕಿ ಬೈಯಂಗಿಲ್ಲ.” ಓಣಿಯಲ್ಲಿ ಯಾರಾದರೂ ಏನು ಒಯ್ಯಲಿ ಎಂದು ಕೇಳಿದರೆ ಕೈ ಮುಗಿದು ಒಳಗೆ ಹೋಗಿಬಿಡುತ್ತಿದ್ದರು. ಆ ಮನುಷ್ಯನನ್ನು ನಾನು ಈಗಲೂ ಸುಳ್ಳನೆನ್ನಲಾರೆ. ಆಡಬೇಕಾದ ಮಾತು ಅವರಿಗೆ ಗೊತ್ತಿತ್ತು. ಆ ಮನೆಯಲ್ಲಿ ಮರ್ಯಾದೆಯನ್ನೇ ಕಾಣದವರಿಗೆ ಬೀಗರು ಒಮ್ಮೆಲೇ ಅಷ್ಟು ಮರ್ಯಾದೆ ಕೊಟ್ಟುಬಿಟ್ಟರು, ಇವರು ಅದರಲ್ಲೇ ಮುಳುಗಿಹೋದರು.

ತೊಂಬತ್ತರ ದಶಕದ ನಡುವೆ ಕಾಕಾರಿಗೆ ದಮ್ಮು ಹೆಚ್ಚಾಯಿತು. ಕೊನೆಯ ವಾರ ಮಾತು ನಿಂತಿತ್ತು. ಹೆಣದ ಸುತ್ತ ಹೆಂಗಸರು ಕುಳಿತು ಅಳುತ್ತಿದ್ದಾಗ ಹಾರೂಗೇರಿಯಿಂದ ಒಬ್ಬ ಮುದುಕ ಸಂಬಂಧಿಕ ಇಬ್ಬರು ಬೆಳೆದ ಹುಡುಗಿಯರನ್ನು ಕರೆತಂದ. ಅವರು ಬಾಗಿಲಲ್ಲೇ ನಿಂತು, ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡಿದರು. ದೊಡ್ಡವಳು ನನ್ನ ಹತ್ತಿರ ಸರಿದು ಸಣ್ಣ ದನಿಯಲ್ಲಿ ಕೇಳಿದಳು:

“ಮಾವಶಿ, ಇವರೊಳಗ ನಮ್ಮವ್ವ ಯಾರ್ರಿ?”